‘ಓದೋದು ಬಿಟ್ಟು ನಿನಗ್ಯಾಕಮ್ಮ ಊರ ಉಸಾಬರಿ?’

ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ನಮ್ಮ ದೊಡ್ಡಪ್ಪ. ಆಮೇಲೆ ಪಕ್ಕದ ಮನೆ ಅಜ್ಜಿ, ಬಸ್ಸಿನ ಕಂಡಕ್ಟರ್, ಜೊತೆಯಲ್ಲಿ ಓದುವ ಹುಡುಗಿಯರು ಕೇಳಿದರು. ಕೊನೆಗೆ ನನಗೆ ತುಂಬಾ ಇಷ್ಟವಾದ ಒಬ್ಬ ಮೇಡಂ ಕೂಡ ಕೇಳಿದರು. ಯಾರೂ ಸಿಟ್ಟಿನಿಂದ ಕೇಳಿದ್ದಲ್ಲ. ಎಲ್ಲರಿಗೂ ನನ್ನ ಮೇಲೆ ಕಾಳಜಿ ಇದೆ. ಅದಕ್ಕೇ ಸುಮ್ನೆ ನಕ್ಕು ಜಾರಿಕೊಳ್ಳದೆ ಸರಿಯಾಗಿ ಉತ್ತರ ಹೇಳಬೇಕು ಅನ್ನಿಸಿದೆ.

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದೇನೆ. ಇತಿಹಾಸ ಮತ್ತು ಅರ್ಥಶಾಸ್ತ್ರ. ನಮ್ಮೂರಿಂದ ಕಾಲೇಜಿಗೆ 18 ಕಿಲೋಮೀಟರ್. ಬೆಳಿಗ್ಗೆ 7.50ಕ್ಕೆ ಒಂದು ಬಸ್ಸು, ಅದು ತಪ್ಪಿದರೆ 10.15ಕ್ಕೆ ಇನ್ನೊಂದು. ಮೊದಲ ಕ್ಲಾಸ್ 9.30ಕ್ಕೆ. ನನ್ನ ಉತ್ತರ ಶುರುವಾಗುವುದೇ ಈ ಬಸ್ಸಿನಿಂದ.

ನಾನು ಕಾಲೇಜು ಸೇರಿದ್ದು 2023ರಲ್ಲಿ. ಅದೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ನಮ್ಮ ಬೀದಿಯಲ್ಲಿ ಪಿಯುಸಿ ಮುಗಿಸಿ ಮನೆಯಲ್ಲೇ ಉಳಿದಿದ್ದ ಇಬ್ಬರು ಆ ವರ್ಷ ನನ್ನ ಜೊತೆ ಡಿಗ್ರಿಗೆ ಸೇರಿದರು. ಅವರಲ್ಲಿ ಒಬ್ಬಳ ಅಮ್ಮ ನನ್ನ ಕೈ ಹಿಡಿದುಕೊಂಡು, ‘ಬಸ್ ಚಾರ್ಜು ಉಳೀತಲ್ಲವ್ವ, ಅದಕ್ಕೇ ಇವರಪ್ಪ ಹ್ಞೂಂ ಅಂದ್ರು’ ಎಂದಿದ್ದು ಈಗಲೂ ನೆನಪಿದೆ. ಆದರೆ ಬಸ್ಸು ಮಾತ್ರ ಅದೇ ಒಂದು. ನಮ್ಮ ಸ್ಟಾಪಿಗೆ ಬರುವಷ್ಟರಲ್ಲಿ ಬಾಗಿಲಲ್ಲೂ ಜನ ನೇತಾಡುತ್ತಿದ್ದರು. ಎಷ್ಟೋ ದಿನ ನಿಲ್ಲಿಸದೇ ಹೋಗಿಬಿಡುತ್ತಿತ್ತು. ನಾವು ಕೈ ಅಡ್ಡ ಹಿಡಿದು, ಧೂಳು ಕುಡಿದು, ಅಲ್ಲೇ ನಿಂತಿರುತ್ತಿದ್ದೆವು.

ಒಂದು ದಿನ ನಮ್ಮ ಕ್ಲಾಸಿನ ಹುಡುಗನೊಬ್ಬ ಎಲ್ಲರ ಎದುರೇ ಅಂದ: ‘ನಿಮ್ಮ ಫ್ರೀ ಬಸ್ಸಿನಿಂದ ನಮಗೆ ಜಾಗ ಇಲ್ಲ. ದುಡ್ಡು ಕಟ್ಟಿ ಪಾಸ್ ಮಾಡಿಸಿರೋರು ನಾವು, ಫುಟ್‌ಬೋರ್ಡಿನಲ್ಲಿ ನಿಲ್ಲೋರೂ ನಾವೇ.’ ನನಗೆ ತುಂಬಾ ನೋವಾಯಿತು. ಆದರೆ ಅವನು ಫುಟ್‌ಬೋರ್ಡಿನಲ್ಲಿ ನಿಲ್ಲುತ್ತಿದ್ದದ್ದು ನಿಜ ಅಲ್ವಾ? ಆ ರಾತ್ರಿಯೆಲ್ಲ ಅದೇ ಯೋಚನೆ. ಮಾರನೇ ದಿನದಿಂದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಕ್ಕ ಬರೆಯತೊಡಗಿದೆ. ಯಾವ ಸ್ಟಾಪಿನಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಜನ ಉಳಿದರು, ಯಾರು ಎಲ್ಲಿಗೆ ಹೋಗುವವರು. ನಾನು ಬಸ್ ಹತ್ತುವ ಮೊದಲಿನ ಎರಡು ಸ್ಟಾಪಿನ ಲೆಕ್ಕ ಗೆಳತಿಯರು ಕೊಟ್ಟರು. ಎರಡು ವಾರ ಹೀಗೆ ಬರೆದೆವು.

ಲೆಕ್ಕ ನೋಡಿದಾಗ ವಿಷಯ ಬೇರೆಯೇ ಇತ್ತು. ಕಾಲೇಜಿಗೆ ಹೋಗುವ ನಾವು, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಆಸ್ಪತ್ರೆಗೆ ಹೋಗುವ ವಯಸ್ಸಾದವರು, ಎಲ್ಲರಿಗೂ ಅದೊಂದೇ ಬಸ್ಸು. ಹತ್ತುವವರು ಜಾಸ್ತಿಯಾಗಿದ್ದರು, ಟ್ರಿಪ್ ಜಾಸ್ತಿಯಾಗಿರಲಿಲ್ಲ. ಹುಡುಗರು, ಹುಡುಗಿಯರು ಒಬ್ಬರ ಮೇಲೊಬ್ಬರು ಸಿಟ್ಟಾಗಿದ್ದೆವು ಅಷ್ಟೆ. ಆ ಹುಡುಗನಿಗೇ ಹಾಳೆ ತೋರಿಸಿದೆ. ಅರ್ಜಿಗೆ ಮೊದಲ ಸಹಿ ಹಾಕಿದವನು ಅವನೇ. ಒಟ್ಟು 63 ಸಹಿ ಆದವು. ಡಿಪೋಗೆ ಮೂರು ಸಲ ಅಲೆದೆವು. ಬಸ್ಸಿಲ್ಲ, ಡ್ರೈವರ್ ಇಲ್ಲ, ಶೆಡ್ಯೂಲ್ ಬದಲಿಸುವುದು ತನ್ನ ಕೈಯಲ್ಲಿಲ್ಲ ಎಂದ ಅಧಿಕಾರಿ, ಮೂರನೇ ಸಲ ನಮ್ಮ ಲೆಕ್ಕದ ಹಾಳೆ ಇಸಿದುಕೊಂಡು ಪೂರ್ತಿ ಓದಿದರು. ಎರಡು ತಿಂಗಳ ಮೇಲೆ 8.20ಕ್ಕೆ ಒಂದು ಟ್ರಿಪ್ ಬಂತು. ಬೇಸಿಗೆ ರಜೆಯಲ್ಲಿ ಅದು ನಿಂತೂ ಹೋಯಿತು. ಕಾಲೇಜು ಶುರುವಾದಾಗ ಮತ್ತೆ ಅರ್ಜಿ, ಮತ್ತೆ ಅಲೆದಾಟ, ಮತ್ತೆ ಬಸ್ಸು.

ದೊಡ್ಡಪ್ಪ ಕೇಳಿದ್ದು ಆಗಲೇ. ಡಿಪೋಗೆ ಅಲೆಯುವ ಹೊತ್ತಿನಲ್ಲಿ ಓದಬಹುದಿತ್ತಲ್ಲ ಅಂತ. ಹೌದು ದೊಡ್ಡಪ್ಪ, ಓದಬಹುದಿತ್ತು. ಒಂದು ಇಂಟರ್ನಲ್ ಟೆಸ್ಟಿನಲ್ಲಿ ನನಗೆ ಅಂಕ ಕಡಿಮೆ ಬಂದದ್ದೂ ಆ ತಿಂಗಳೇ. ಆದರೆ ಬಸ್ಸು ನಿಲ್ಲದ ದಿನ ಮೊದಲ ಎರಡು ಕ್ಲಾಸ್ ಹೋಗುತ್ತಿತ್ತು. ನಾನು ಓದು ಬಿಟ್ಟು ಡಿಪೋಗೆ ಹೋಗಲಿಲ್ಲ, ಓದಬೇಕು ಅಂತಲೇ ಹೋದೆ.

ಎರಡನೆಯ ವಿಷಯ ನಮ್ಮ ಮೇಷ್ಟ್ರುಗಳದ್ದು. ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಎಷ್ಟೊಂದು ಪಾಠ ನಡೆಯುವುದು ಅತಿಥಿ ಉಪನ್ಯಾಸಕರಿಂದ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ರಾಜ್ಯದಲ್ಲಿ ಅವರ ಸಂಖ್ಯೆ 10 ಸಾವಿರಕ್ಕೂ ಹೆಚ್ಚು. ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಕೌನ್ಸೆಲಿಂಗ್‌ಗೆ ಹೋಗಬೇಕು. ನಾನು ಮೊದಲ ಸೆಮಿಸ್ಟರಿನಲ್ಲಿದ್ದಾಗ, 2023ರ ಕೊನೆಯಲ್ಲಿ, ಸೇವೆ ಕಾಯಂ ಮಾಡಿ ಎಂದು ಅವರು ತರಗತಿ ಬಿಟ್ಟು ಮುಷ್ಕರಕ್ಕೆ ಕೂತರು. 2024ರ ಹೊಸ ವರ್ಷಕ್ಕೆ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ನಮ್ಮ ಕಾಲೇಜಿನಲ್ಲಿ ಟೈಮ್‌ಟೇಬಲ್ ಗೋಡೆ ಮೇಲಿತ್ತು, ಕ್ಲಾಸ್ ಇರಲಿಲ್ಲ. ಬಸ್ಸಿಗೆ ಜಗಳ ಆಡಿ ಬಂದವರು ಖಾಲಿ ಬೆಂಚಿನ ಮೇಲೆ ಕೂತು ವಾಪಸ್ ಹೋಗುತ್ತಿದ್ದೆವು.

ಆಗ ನನಗೂ ಅವರ ಮೇಲೆ ಸಿಟ್ಟು ಬಂದಿತ್ತು. ಮುಷ್ಕರ ಮುಗಿದ ಮೇಲೆ ಅರ್ಥಶಾಸ್ತ್ರದ ಸರ್ ನಿರುದ್ಯೋಗದ ಪಾಠ ಮಾಡುತ್ತಿದ್ದರು. 14 ವರ್ಷದಿಂದ ಅತಿಥಿ ಆಗಿಯೇ ಇರುವವರು ಅವರು. ಬೋರ್ಡಿನ ಮೇಲೆ ನಿರುದ್ಯೋಗದ ವಿಧಗಳನ್ನು ಬರೆದಿದ್ದರು. ಹಿಂದಿನ ಬೆಂಚಿನ ಹುಡುಗ, ‘ಸರ್, ನೀವು ಇದರಲ್ಲಿ ಯಾವುದಕ್ಕೆ ಬರ್ತೀರ?’ ಎಂದು ಕೇಳಿಬಿಟ್ಟ. ಕ್ಲಾಸ್ ಪೂರ್ತಿ ಸುಮ್ಮನಾಯಿತು. ಸರ್ ಬೋರ್ಡಿನ ಕಡೆ ತಿರುಗಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ‘ಋತುಮಾನದ ನಿರುದ್ಯೋಗ’ ಎಂಬ ಪದದ ಕೆಳಗೆ ಒಂದು ಗೆರೆ ಎಳೆದು ಪಾಠ ಮುಂದುವರಿಸಿದರು. ಆ ಪದಕ್ಕೆ ನಾವು ಕಲಿತಿದ್ದ ಉದಾಹರಣೆ ಮಳೆ ಮುಗಿದ ಮೇಲೆ ಕೆಲಸ ಇಲ್ಲದ ಕೂಲಿಯವರದು. ನಮ್ಮಪ್ಪನ ಕಡಲೆಕಾಯಿ ಹೊಲಕ್ಕೆ ಬರುವವರೂ ಅವರೇ. ಅವತ್ತಿನಿಂದ ಆ ಪಾಠ ಓದುವಾಗ ನನಗೆ ಸರ್ ಮುಖವೇ ಕಾಣುತ್ತದೆ. ಪರೀಕ್ಷೆಯಲ್ಲಿ ಬರೆಯುವ ವಿಷಯ ಬೇರೆ, ಊರಿನ ವಿಷಯ ಬೇರೆ ಅಂತ ಹೇಗೆ ಬೇರ್ಪಡಿಸಲಿ?

ಪಠ್ಯಕ್ರಮದ ವಿಷಯ ಜಾಸ್ತಿ ಹೇಳುವುದಿಲ್ಲ. ನಮ್ಮ ಬ್ಯಾಚ್ ನಾಲ್ಕು ವರ್ಷದ ಪದವಿಯ ಪದ್ಧತಿಯಲ್ಲಿ ಸೇರಿತು. 2024-25ರಲ್ಲಿ ಸೇರಿದ ನಮ್ಮ ತಂಗಿಯರಿಗೆ ಮತ್ತೆ ಮೂರು ವರ್ಷದ ಪದ್ಧತಿ ಬಂತು. ಎರಡರಲ್ಲಿ ಯಾವುದು ಒಳ್ಳೆಯದು ಎಂಬ ಚರ್ಚೆ ಇರಲಿ. ಎರಡು ಸಲವೂ ಓದುವ ನಮ್ಮನ್ನು ನಮ್ಮ ಕಾಲೇಜಿನಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ.

ಕೇಳುವುದಾದರೂ ಯಾರನ್ನು? ನಮ್ಮ ಪರವಾಗಿ ಮಾತಾಡಲು ನಾವೇ ಆರಿಸಿದವರು ಯಾರೂ ಇಲ್ಲ. ನಮ್ಮಲ್ಲಿ ಕ್ಲಾಸ್ ರೆಪ್ರೆಸೆಂಟೇಟಿವ್ ಆಗುವುದು ಅಂಕ ನೋಡಿ, ಮೇಷ್ಟ್ರು ಹೇಳಿದವರು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಸಂವಿಧಾನದ 61ನೇ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 1989ರ ಮಾರ್ಚ್ 28ರಂದು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1989-90ರಲ್ಲಿ, ಗಲಾಟೆ ಹೊಡೆದಾಟದ ಕಾರಣಕ್ಕೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತುಹೋಯಿತು. 2024ರ ಏಪ್ರಿಲ್ 26ರಂದು ನಮ್ಮೂರ ಶಾಲೆಯಲ್ಲಿ ಲೋಕಸಭೆಗೆ ನನ್ನ ಮೊದಲ ವೋಟು ಹಾಕಿದೆ. ದೇಶ ನಡೆಸುವವರನ್ನು ಆರಿಸಲು ನನ್ನನ್ನು ನಂಬಿದ್ದಾರೆ. ಕಾಲೇಜಿನ ಕುಡಿಯುವ ನೀರಿನ ಬಗ್ಗೆ ಮಾತಾಡುವವರನ್ನು ಆರಿಸಲು ನಂಬಿಲ್ಲ.

ಚುನಾವಣೆ ಅಂದರೆ ನನಗೂ ಭಯ ಇದೆ. ಹೊರಗಿನ ಪಕ್ಷದವರು ಬರುತ್ತಾರೆ, ಜಾತಿ ಬರುತ್ತದೆ, ಹುಡುಗಿಯರು ಹಿಂದೆ ಸರಿಯುತ್ತಾರೆ. ಆದರೆ ಆ ಭಯಕ್ಕೆ ದಾರಿ ಹುಡುಕಿದವರೂ ಇದ್ದಾರೆ. ಕಾಲೇಜು ಚುನಾವಣೆ ಹೇಗೆ ನಡೆಯಬೇಕು ಅಂತ ಹೇಳಿದ, 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಲಿಂಗ್ಡೋ ಸಮಿತಿ ಶಿಫಾರಸಿನಲ್ಲಿ ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, 75 ಪರ್ಸೆಂಟ್ ಹಾಜರಾತಿ ಇರಬೇಕು, ಅಚ್ಚು ಹಾಕಿಸಿದ ಪೋಸ್ಟರ್ ಬಳಸುವಂತಿಲ್ಲ. ಕೈಯಲ್ಲಿ ಬರೆದ ಪೋಸ್ಟರ್ ಅಂಟಿಸಿ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ವೋಟು ಕೇಳುವುದನ್ನು ನೋಡಲು ನನಗೆ ನಿಜವಾಗಿಯೂ ಆಸೆ.

ಅಪ್ಪನ ಭಯ ಮಾತ್ರ ಬೇರೆ. ‘ಎಲ್ಲಾದ್ರೂ ಕೇಸು ಬಿದ್ರೆ ಸರ್ಕಾರಿ ನೌಕರಿ ಕನಸು ಅಲ್ಲಿಗೇ ಮುಗೀತು ಮಗಾ’ ಅನ್ನುತ್ತಾರೆ. ಈ ಮಾತಿಗೆ ನಾನು ಎದುರು ಹೇಳಿಲ್ಲ. ನೌಕರಿಗೆ ಹೋಗುವ ಮೊದಲು ಪೊಲೀಸ್ ವೆರಿಫಿಕೇಶನ್ ಇರುತ್ತದೆ ಅಂತ ನನಗೂ ಗೊತ್ತು. 8.20ರ ಟ್ರಿಪ್ ನಿಂತಾಗ ಕೆಲವರು ರಸ್ತೆ ತಡೆ ಮಾಡೋಣ ಅಂದಿದ್ದರು. ನಾನು ಬೇಡ ಅಂದೆ. ‘ಹೆದರುಪುಕ್ಕಿ’ ಅನ್ನಿಸಿಕೊಂಡೆ. ಆ ರಸ್ತೆಯಲ್ಲಿ ಆಂಬುಲೆನ್ಸ್ ಬರುತ್ತದೆ, ನಮ್ಮ ಅಜ್ಜಿಯನ್ನು ಅದೇ ರಸ್ತೆಯಲ್ಲಿ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಈಗಲೂ ನಾನು ಹೇಳಿದ್ದು ಸರಿ ಅಂತಲೇ ನಂಬಿದ್ದೇನೆ.

ಈಗ ಉಳಿದಿರುವುದು ಸಂಜೆ ಬಸ್ಸು. ಅದು 4 ಗಂಟೆಗೇ ಹೊರಡುತ್ತದೆ, ಲೈಬ್ರರಿ 5.30ರ ತನಕ ತೆರೆದಿರುತ್ತದೆ. ಹಳ್ಳಿಯಿಂದ ಬರುವವರು ಪುಸ್ತಕ ಕೈಗೆತ್ತಿಕೊಳ್ಳುವಷ್ಟರಲ್ಲಿ ಎದ್ದು ಓಡಬೇಕು. ಮುಂದಿನ ವರ್ಷ ನಾನು ಇಲ್ಲಿ ಇರುವುದಿಲ್ಲ. ಎರಡನೇ ವರ್ಷದ ಒಬ್ಬ ಹುಡುಗಿ, ಒಬ್ಬ ಹುಡುಗ ಸೇರಿ ಲೆಕ್ಕ ಬರೆಯುತ್ತಿದ್ದಾರೆ. ನಿನ್ನೆಗೆ ಹನ್ನೊಂದು ದಿನ ಆಯಿತು. ಹದಿನೈದು ದಿನ ಆಗಲಿ, ಆಮೇಲೆ ಅರ್ಜಿ ಬರೆಯೋಣ ಅಂದಿದ್ದೇನೆ.