ಪಟ್ಟೆ ಶರ್ಟು, ಮಂಡಗದ್ದೆ ಬಿಸಿಲು, ನನ್ನ ಅರೆತಲೆನೋವು

ಮೊನ್ನೆ ಆಫೀಸಿನಲ್ಲಿ ಎದುರು ಸೀಟಿನವರು ಹೊಸ ಶರ್ಟ್ ಹಾಕಿಕೊಂಡು ಬಂದಿದ್ದರು. ಬಿಳಿಯ ಮೇಲೆ ಕಪ್ಪು, ಒತ್ತೊತ್ತಾಗಿ ಸಣ್ಣ ಗೆರೆ. ಮಾತಾಡುತ್ತಾ ಐದು ನಿಮಿಷ ಆಗಿರಲಿಲ್ಲ, ಗೆರೆಗಳು ನೀರಿನ ಹಾಗೆ ಅಲುಗಾಡತೊಡಗಿದವು. ಗೋಡೆಯ ಕ್ಯಾಲೆಂಡರ್ ನೋಡಿಕೊಂಡೇ ಉತ್ತರ ಕೊಟ್ಟೆ. “ಯಾಕ್ ಮೇಡಂ, ನನ್ ಮೇಲೆ ಸಿಟ್ಟಾ?” ಅಂದರು. ಸಿಟ್ಟು ನಿಮ್ಮ ಮೇಲಲ್ಲ ಸಾರ್, ಶರ್ಟಿನ ಮೇಲೆ ಅನ್ನೋಕಾಗುತ್ತಾ?

ಅರೆತಲೆನೋವು ಇದ್ದವರಿಗೆ ಬೆಳಕು ಆಗುವುದಿಲ್ಲ ಅಂತ ತುಂಬ ಜನಕ್ಕೆ ಗೊತ್ತು. ಗೆರೆಯೂ ಮಿಣುಕೂ ಆಗುವುದಿಲ್ಲ ಅನ್ನೋದು ನನಗೇ ಎಷ್ಟೋ ವರ್ಷ ಗೊತ್ತಿರಲಿಲ್ಲ. ಮದುವೆಗೆ ಮುಂಚೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಬೆಳಗ್ಗೆ ಬಸ್ಸಿನಲ್ಲಿ ಬರುತ್ತಿದ್ದೆ. ಮಂಡಗದ್ದೆ ದಾಟುವಷ್ಟರಲ್ಲಿ ತಲೆ ಹಿಡಿದುಕೊಳ್ಳುತ್ತಿತ್ತು. ತಿಂಡಿ ತಿನ್ನದೆ ಹೋಗ್ತೀಯಲ್ಲ ಅದಕ್ಕೆ ಅಂತ ಅಮ್ಮ. ಗ್ಯಾಸ್ಟ್ರಿಕ್ ಅಂತ ಕಂಡಕ್ಟರ್. (ನಮ್ಮ ಕಡೆ ಎಲ್ಲರೂ ಡಾಕ್ಟರೇ.) ಅಸಲಿಗೆ ಎಳೆಬಿಸಿಲು ಮರಗಳ ಸಂದಿಯಿಂದ ಬಿಸಿಲು, ನೆರಳು, ಬಿಸಿಲು, ನೆರಳು ಅಂತ ಕಣ್ಣಿಗೆ ಹೊಡೆಯುತ್ತಿತ್ತು. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಕೆಂಪಗೆ ಮಿಣಿಮಿಣಿ. ಎಡಗಡೆ ಸೀಟಿಗೆ ಹೋಗಿ ಕೂತೆ, ಅರ್ಧ ಕಡಿಮೆಯಾಯಿತು.

ಹಳೇ ಚೋಕಿನ ಟ್ಯೂಬ್‌ಲೈಟ್ ಕೂಡ ಹೀಗೇ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅದು ಸೆಕೆಂಡಿಗೆ 100 ಸಲ ಏರಿಳಿಯುತ್ತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಈಗ ನನ್ನ ಪೆದ್ದುತನ. ಮೂರು ತಿಂಗಳು ಮನೆಯೊಳಗೂ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಓಡಾಡಿದೆ. ಕೊನೆಗೆ ಫ್ರಿಜ್ ಬಾಗಿಲು ತೆಗೆದರೂ ಕಣ್ಣು ಚುಚ್ಚತೊಡಗಿತು. ಡಾಕ್ಟರ್ ಬೈದರು: ಕಣ್ಣು ಕತ್ತಲೆಗೇ ಹೊಂದಿಕೊಂಡುಬಿಟ್ಟರೆ ಸಾಧಾರಣ ಬೆಳಕೂ ಜಾಸ್ತಿ ಅನಿಸುತ್ತದೆ. ಈಗ ಹೊರಗಿನ ಬಿಸಿಲಿಗೆ ಮಾತ್ರ.

ನೋವು ಬಂದ ದಿನ ಕಿಟಕಿ ಮುಚ್ಚಿ ಮಲಗಿದರೆ ಅತ್ತೆಗೆ ಅದು ಸುಮ್ನೆ ನಾಟಕ. ಅವರಿಗೆ ಬಾಸ್ಟನ್ನಿನ ಸಂಶೋಧಕ ರಾಮಿ ಬರ್ಸ್ಟೀನ್ ಅವರ ತಂಡ 2010ರಲ್ಲಿ ಪ್ರಕಟಿಸಿದ ಸಂಗತಿ ಹೇಳಿದೆ. ಅರೆತಲೆನೋವಿರುವ, ಕಣ್ಣು ಕಾಣದವರನ್ನು ಅವರು ಪರೀಕ್ಷಿಸಿದ್ದರು. ವಸ್ತು ಕಾಣದೆ, ಬೆಳಕಿದೆ ಅನ್ನುವಷ್ಟು ಮಾತ್ರ ತಿಳಿಯುತ್ತಿದ್ದವರಿಗೂ ಬೆಳಕಿನಿಂದ ನೋವು ಹೆಚ್ಚುತ್ತಿತ್ತು. ಬೆಳಕೇ ತಿಳಿಯದವರಿಗೆ ಹೆಚ್ಚುತ್ತಿರಲಿಲ್ಲ. ಕಣ್ಣಿನಿಂದ ಬರುವ ಬೆಳಕಿನ ಸುದ್ದಿ, ಮಿದುಳಿನ ಹೊದಿಕೆಯಿಂದ ಬರುವ ನೋವಿನ ಸುದ್ದಿ, ಎರಡೂ ಮಿದುಳಿನೊಳಗಿನ ಥಲಾಮಸ್ ಅನ್ನೋ ಭಾಗದ ಒಂದೇ ನರಕೋಶಗಳಿಗೆ ಬಂದು ಸೇರುವುದನ್ನು ಇಲಿಗಳಲ್ಲಿ ತೋರಿಸಿದ್ದರು.

“ಕಣ್ಣು ಕಾಣದವರಿಗೂನಾ?” ಅಂದರು ಅತ್ತೆ. ಅಷ್ಟೇ, ಮತ್ತೇನೂ ಮಾತಾಡಲಿಲ್ಲ.

ಮುಂದಿನ ಸಲ ನೋವು ಬಂದಾಗ ಅವರೇ ಸ್ಟೂಲ್ ಹತ್ತಿ, ಕರ್ಟನ್ ಸಾಲದು ಅಂತ ಕಿಟಕಿಗೆ ಜಮಖಾನ ಕಟ್ಟಿದರು. ಕೆಂಪು, ನೀಲಿ, ಹಳದಿ ಪಟ್ಟೆಪಟ್ಟೆ ಜಮಖಾನ. ಥ್ಯಾಂಕ್ಸ್ ಅತ್ತೆ ಅಂದು, ಗೋಡೆ ಕಡೆ ಮುಖ ಮಾಡಿ ಮಲಗಿದೆ.