ಗೋಬಿ ಪ್ರಯೋಗ: ಬಣ್ಣ ಹಾಕದ ಕೆಂಪು ಮಂಚೂರಿ ಹದಕ್ಕೆ ಬಂತು

ಕೊನೆಗೂ ಮಂಚೂರಿ ಒಂದು ಹದಕ್ಕೆ ಬಂದಿದೆ. ಗಾಡಿಯಲ್ಲಿ ಸಿಗುವಂಥದೇ ಕೆಂಪು ಬೇಕು, ಆದರೆ ಬಣ್ಣದ ಪುಡಿ ಮುಟ್ಟಬಾರದು ಅಂತ ಹಟ ಹಿಡಿದಿದ್ದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ತಂದಿತಲ್ಲ, ಆಗ ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಅಂತ ಬಂದಿತ್ತು. ಅದನ್ನು ಓದಿದ ಮೇಲೆ ನಮ್ಮನೆಯಲ್ಲಿ ಗೋಬಿ ಅಂದರೆ ಮನೆಯದೇ.

ಕೆಂಪಿಗೆ ಬ್ಯಾಡಗಿ ಮೆಣಸಿನಕಾಯಿಯೇ ಸಾಕು. ಬೀಜ ತೆಗೆದು, ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿಕೊಳ್ಳುತ್ತೇನೆ. ಇದನ್ನು ಹಿಟ್ಟಿಗೆ ಕಲಸಿದರೆ ಕರಿಯುವಾಗ ಕಂದು ತಿರುಗುತ್ತದೆ. ಅದಕ್ಕೇ ಈಗ ಎಲ್ಲವೂ ಸಾಸ್‌ಗೆ. ಬ್ಯಾಡಗಿಯ ಬಣ್ಣ ಬಿಡುವುದು ಎಣ್ಣೆಯಲ್ಲಿ. ಸಣ್ಣ ಉರಿಯಲ್ಲಿ ಬಾಡಿಸುತ್ತಾ ಹೋದರೆ ಬಾಣಲೆಯ ಅಂಚಲ್ಲಿ ಕೆಂಪನೆಯ ಎಣ್ಣೆ ಕಾಣಿಸಿಕೊಳ್ಳುತ್ತದೆ. ಅಲ್ಲೀವರೆಗೆ ಸೋಯಾ ಸಾಸ್ ಬಾಟಲಿ ಮುಟ್ಟಬಾರದು. ಸೋಯಾ ಜಾಸ್ತಿಯಾದರೆ ಇಷ್ಟೆಲ್ಲ ಮಾಡಿದ ಕೆಂಪು ಕಪ್ಪಾಗುತ್ತದೆ, ಹಾಗಾಗಿ ಒಂದೇ ಚಮಚ. ಹುಳಿಗೆ ವಿನೆಗರ್. ಟೊಮೆಟೊ ಕೆಚಪ್ ಸುರಿಯುವವರ ಜೊತೆ ನನಗೆ ಜಗಳವಿಲ್ಲ, ಆದರೆ ಅದು ಸಿಹಿ ಗೊಜ್ಜು, ಮಂಚೂರಿ ಅಲ್ಲ.

ಗರಿಗರಿಯ ಗುಟ್ಟು ಹಿಟ್ಟಲ್ಲಿ ಅಂದುಕೊಂಡಿದ್ದರೆ ಸ್ವಲ್ಪ ತಡೀರಿ. ಹೂಕೋಸಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ. ಹುಳ ಬಿಡಲಿ ಅಂತ ಉಪ್ಪು, ಅರಿಶಿನ ಹಾಕಿದ ಕುದಿನೀರಲ್ಲಿ ಎರಡು ಮೂರು ನಿಮಿಷ ಅದ್ದುತ್ತೇವಲ್ಲ, ಆಮೇಲೆ ಅದು ಇನ್ನೂ ಒದ್ದೆ. ಬಟ್ಟೆ ಮೇಲೆ ಹರಡಿ ಫ್ಯಾನ್ ಕೆಳಗೆ ಒಣಗಿಸಿ. ಮುಟ್ಟಿದರೆ ಕೈಗೆ ಪಸೆ ಹತ್ತಬಾರದು. ಹಿಟ್ಟಿಗೆ ಮೈದಾ, ಕಾರ್ನ್‌ಫ್ಲೋರ್ ಸಮಸಮ, ಅದರ ಅರ್ಧ ಅಕ್ಕಿಹಿಟ್ಟು. ಒಮ್ಮೆ ಅರೆಬರೆ ಕರಿದು ತೆಗೆದು, ಬಡಿಸುವ ಮುಂಚೆ ಜೋರು ಉರಿಯಲ್ಲಿ ಇನ್ನೊಮ್ಮೆ. ಎಣ್ಣೆಯ ಗುಳ್ಳೆ ಕಮ್ಮಿಯಾಗಿ ಸದ್ದು ಇಳಿದಾಗ ತೆಗೆಯಬೇಕು.

ಇಷ್ಟು ಕರಿದದ್ದು ನೋಡಿ ಅತ್ತೆ, "ಎಣ್ಣೆ ಸಾಕು ಮಾರಾಯ್ತಿ, ಒಮ್ಮೆ ಸುಕ್ಕ ಮಾಡಿ ನೋಡು" ಅಂದರು. ಅವರು ಉಡುಪಿ ಕಡೆಯವರು. ಹುರಿದ ಬ್ಯಾಡಗಿ, ಕೊತ್ತಂಬರಿ, ಜೀರಿಗೆ, ಹುಣಸೆಹಣ್ಣು, ತೆಂಗಿನತುರಿ, ಎಲ್ಲವನ್ನೂ ತರಿತರಿಯಾಗಿ ರುಬ್ಬಿ, ಮುಕ್ಕಾಲು ಬೆಂದ ಹೂವಿಗೆ ಬೆರೆಸಿ ನೀರು ಆರಿಸುವುದು. ನಿಜ ಹೇಳಬೇಕೆಂದರೆ ನೀರುದೋಸೆಗೆ ಇದರ ಮುಂದೆ ಮಂಚೂರಿ ಏನೂ ಅಲ್ಲ. ಹೂಕೋಸನ್ನು ಜಾಸ್ತಿ ಹೊತ್ತು ಬೇಯಿಸಬೇಡಿ ಅಷ್ಟೇ. ಬೆಂದಷ್ಟೂ ಗಂಧಕದ ವಾಸನೆ ಏಳುತ್ತದೆ.

ದಂಟು, ಎಲೆ ಬಿಸಾಡೋದು ನಿಂತಿದೆ. ದಂಟಿನ ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿದರೆ ಸಾಸಿವೆ ಒಗ್ಗರಣೆಯ ಪಲ್ಯ. ಎಳೆ ಎಲೆ ಬೇಳೆ ಜೊತೆ ಹುಳಿಗೆ.

ಮುಂದಿನದು ಉಪ್ಪಿನಕಾಯಿ. ಹೂ ಬಿಡಿಸಿ ಬಿಸಿಲಿಗೆ ಹಾಕಿದ್ದೇನೆ, ನಿಂಬೆರಸ, ಸಾಸಿವೆ ಪುಡಿ ರೆಡಿ ಇದೆ. ಕ್ಯಾರೆಟ್ ಸೇರಿಸೋದಾ ಬೇಡವಾ ಅಂತ ಮನೆಯಲ್ಲಿ ಇನ್ನೂ ಒಮ್ಮತ ಬಂದಿಲ್ಲ.