ಹಟ್ಟಿ ತೇರು, ಬಳೆಗಾರರ ಗುಂಡು

ನಮ್ಮ ಕಡೆ ಬಸ್ಸಿನಲ್ಲಿ ನಿಂತು ‘ತಿಪ್ಪೇಸ್ವಾಮೀ’ ಎಂದು ಕೂಗಿ ನೋಡಿ, ಮೂರ್ನಾಲ್ಕು ಜನ ತಿರುಗುತ್ತಾರೆ. ತಿಪ್ಪೇಶ, ತಿಪ್ಪಣ್ಣ, ತಿಪ್ಪಮ್ಮ, ಎಲ್ಲರ ಹೆಸರೂ ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಯವರಿಂದಲೇ ಬಂದದ್ದು. ಚಳ್ಳಕೆರೆ ತಾಲ್ಲೂಕಿನ ಆ ಊರಲ್ಲಿ ಪ್ರತಿ ಫಾಲ್ಗುಣದಲ್ಲಿ, ಚಿತ್ತಾ ನಕ್ಷತ್ರದ ದಿನ ದೊಡ್ಡ ತೇರು ಎಳೆಯುತ್ತಾರೆ. ದೊಡ್ಡಮ್ಮ ಕೊಬ್ಬರಿ ಸುಡುವ ಹರಕೆ ಹೊತ್ತಿದ್ದರು. ದಾವಣಗೆರೆಯಿಂದ ಜಗಳೂರಿನ ಮೇಲೆ ಹೊರಟೆವು.

ಜಗಳೂರು ದಾಟಿದರೆ ಹಸಿರು ಕಡಿಮೆ. ಶೇಂಗಾ ಕಿತ್ತ ಬಯಲು, ಜಾಲಿ, ದೂರದಲ್ಲಿ ಗಾಳಿಯಂತ್ರಗಳು. ಮಾರ್ಚ್ ಬಿಸಿಲು ಬೇರೆ. ಇಂಥ ಸೀಮೆಯಲ್ಲಿ ಒಬ್ಬ ಗುರುವನ್ನು ಜನ ಇಷ್ಟು ಹಚ್ಚಿಕೊಂಡಿದ್ದಾರೆ ಅಂದರೆ ಅದಕ್ಕೆ ಕಾರಣ ನೀರು. ಅವರು ಊರ ಸುತ್ತ ಐದು ಕೆರೆ ಕಟ್ಟಿಸಿದರು. ಕೂಲಿ ಕೊಟ್ಟ ಕಥೆಯಂತೂ ಇಲ್ಲಿ ಮನೆಮಾತು. ಸಂಜೆ ಕೂಲಿಯವರ ಮುಂದೆ ಮಣ್ಣಿನ ಗುಡ್ಡೆ ಇರುತ್ತಿತ್ತಂತೆ. ಕೆದಕಿದರೆ ಅವರವರು ದುಡಿದಷ್ಟೇ ಕಾಸು. ಮೈಗಳ್ಳನಿಗೆ ಅವನ ಲೆಕ್ಕದಷ್ಟೇ. ‘ಮಾಡಿದಷ್ಟು ನೀಡು ಭಿಕ್ಷೆ’ ಎನ್ನುವುದು ಅವರ ಮಾತು. “ನಮ್ಮ ಮನೆ ಕಟ್ಟಿದ ಮೇಸ್ತ್ರಿಗೂ ಇಂಥ ಗುಡ್ಡೆ ಮಾಡಬೇಕಿತ್ತು ನೋಡಪ್ಪಾ” ಅಂದರು ದೊಡ್ಡಮ್ಮ.

ಊರಿಗೆ ಇನ್ನೂ ದೂರ ಇರುವಾಗಲೇ ಬಸ್ಸು ನಿಂತಿತು. ಅಲ್ಲಿಂದ ನಡಿಗೆ. ಎತ್ತಿನ ಗಾಡಿ, ಟ್ರ್ಯಾಕ್ಟರ್, ತಲೆ ಮೇಲೆ ಬುತ್ತಿ ಗಂಟು ಹೊತ್ತ ಹೆಂಗಸರು. ಮೊದಲು ಹೊರಮಠ. ಕೊಬ್ಬರಿ ಸುಡುವ ಜಾಗದ ಹತ್ತಿರ ಹೋಗಲು ಧೈರ್ಯ ಬೇಕು. ರಾಶಿ ರಾಶಿ ಬಟ್ಟಲು ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಉರಿಯುತ್ತದೆ. ಬೆಂಕಿಯ ಝಳಕ್ಕೆ ಮುಖ ಬೆಂದಂತಾಗುತ್ತದೆ, ಹೊಗೆಗೆ ಕಣ್ಣು ಬಿಡಲಾಗುವುದಿಲ್ಲ. ಜನ ದೂರದಿಂದಲೇ ಬೀಸಿ ಎಸೆಯುತ್ತಿದ್ದರು. ನಾನು ಎಸೆಯುತ್ತೇನೆ ಕೊಡಿ ಎಂದರೆ ದೊಡ್ಡಮ್ಮ ಕೇಳಲಿಲ್ಲ. ಸೆರಗು ಬಿಗಿದು ಕಟ್ಟಿ ತಾವೇ ಮುಂದೆ ಹೋದರು. ಆ ಸುಟ್ಟ ಕೊಬ್ಬರಿ ವಾಸನೆ ನನ್ನ ಶರ್ಟಿಗೆ ಹತ್ತಿದ್ದು ಒಗೆದ ಮೇಲೂ ಹೋಗಲಿಲ್ಲ.

ತೇರಿಗೆ ಮುಂಚೆ ಸ್ವಾಮಿಯ ಧ್ವಜದ, ಅಂದರೆ ಮುಕ್ತಿ ಬಾವುಟದ ಹರಾಜು. ಲಕ್ಷಗಟ್ಟಲೆ ಕೂಗುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ, ಹಣವಂತರ ಪೈಪೋಟಿ ಅನಿಸುತ್ತದೆ. ಆದರೆ ಮೈಕಿನಲ್ಲಿ ರೇಟು ಏರಿದಂತೆ ಸುತ್ತಲಿನವರು ಹಾಕಿದ ಕೇಕೆ ನೋಡಿದರೆ ಈ ಬೇಸರ ನನಗೊಬ್ಬನಿಗೇ ಇದ್ದಂತಿತ್ತು. ಮಿಣಿ ಬಿಗಿಯಾಯಿತು, ತೇರು ಒಮ್ಮೆ ನಡುಗಿ ಹೊರಟಿತು. ಬಾಳೆಹಣ್ಣು, ಮೆಣಸು ತೂರಿ ಬಂದವು. ಒಂದು ಹಣ್ಣು ನೆಟ್ಟಗೆ ನನ್ನ ನೆತ್ತಿಗೆ.

ಆಮೇಲೆ ಬಳೆ ಅಂಗಡಿ. ದೊಡ್ಡಮ್ಮ ಅಲ್ಲಿ ಕಳೆದಷ್ಟು ಹೊತ್ತು ದೇವರ ಮುಂದೆ ಕಳೆಯಲಿಲ್ಲ ಅಂದರೆ ಬೈಯುತ್ತಾರೆ, ಆದರೂ ನಿಜ.

ರಾತ್ರಿ ಮೊಳಕಾಲ್ಮುರಿನಲ್ಲಿ ನೆಂಟರ ಮನೆ. ಮರುದಿನ ಜಟಿಂಗ ರಾಮೇಶ್ವರ ಬೆಟ್ಟ. ಜಟಾಯು ರಾವಣನೊಡನೆ ಹೋರಾಡಿ ಬಿದ್ದದ್ದು ಇಲ್ಲೇ ಎಂದು ನಂಬಿಕೆ. ಹಿಂದಿನ ದಿನದ ಗದ್ದಲ ಇಲ್ಲ. ಮೆಟ್ಟಿಲು ಮಾತ್ರ ಮುಗಿಯುವುದೇ ಇಲ್ಲ. ದೇವಸ್ಥಾನದ ಹತ್ತಿರದ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಪಕ್ಕದ ಬ್ರಹ್ಮಗಿರಿ, ಸಿದ್ದಾಪುರದಲ್ಲೂ ಇದೆ. ಮೂರನ್ನೂ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಬರೆದವನು ಚಪಡ, ತನ್ನ ಕೆಲಸದ ಗುರುತನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ.

ಆದರೆ ಇಲ್ಲಿನ ಅಕ್ಷರ ತುಂಬಾ ಸವೆದಿವೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಈ ಬಂಡೆಯ ಮೇಲೆಯೇ. ಕಂಬ ನಿಲ್ಲಿಸಲು ಕಲ್ಲಿಗೆ ಗುಳಿ ತೋಡಿದ್ದಾರೆ. ಹಾಗಾಗಿ ಈ ಬಂಡೆಗೆ ಬಳೆಗಾರರ ಗುಂಡು ಎಂದೇ ಹೆಸರು. ಇತಿಹಾಸದವರಿಗೆ ಹೊಟ್ಟೆ ಉರಿಯುವ ವಿಷಯ, ಸರಿ. ಆದರೆ ಓದಲು ಬಾರದ ಗೀಟುಗಳಿಗಿಂತ ಮಟ್ಟಸವಾದ ಜಾಗ ದೊಡ್ಡದು ಅಂದುಕೊಂಡ ಬಳೆಗಾರನನ್ನು ಹೇಗೆ ಬೈಯುವುದು?

“ಏನು ಬರೆಸಿದ್ದಾನೆ ರಾಜ?” ದೊಡ್ಡಮ್ಮ ಕೇಳಿದರು.

“ತಂದೆ ತಾಯಿ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು ಅಂತ.”

ಅವರು ಹೊಸ ಬಳೆಗಳನ್ನೊಮ್ಮೆ ನೋಡಿಕೊಂಡರು. “ನಿಜ ಹೇಳು ಅನ್ನೋ ಕಲ್ಲಿನ ಮೇಲೆ ಕೂತು ಬಳೆಗಾರ ರೇಟು ಹೆಂಗೆ ಹೇಳ್ತಿದ್ದನಪ್ಪಾ?”